ಆಫ್ ಆಗಿದ್ದ ಹೊತ್ತು

ಕೈಗೇ ಕೈ ಕೊಟ್ಟಿತ್ತು ಕೈ.
ಅಬೆಲಾರ್ದೊನ ಬಲಗೈ, ಮೂವತ್ತೆಂಟು ವರ್ಷ
ವಾಲ್ಪರೈಸೋ ಬಂದರಿನ ಗಂಟಲುಗಳ ಮೇಲೆ
ಒಂದು ಹನಿ ರಕ್ತ ಕಾಣದೆ ನಡೆದ ಕೈ,
ಒಂದು ಮಂಗಳವಾರ ಸಾಬೂನಿನ ಬಟ್ಟಲೆತ್ತುವಾಗ
ತನ್ನಷ್ಟಕ್ಕೆ ತಾನೇ ನಡುಗಿತು.

ಗಿರಾಕಿಗಳು ಒಳ್ಳೆಯವರು. ಯಾರೂ ಏನೂ ಅನ್ನಲಿಲ್ಲ.
ಗಡ್ಡ ಬಿಟ್ಟರು, ಅಷ್ಟೆ.
ಆ ವರ್ಷ ನಮ್ಮ ಗುಡ್ಡದ ತುಂಬ ಗಡ್ಡ.

ಸಾಂತಿಯಾಗೊದ ವೈದ್ಯರು ಬುರುಡೆಗೆ ಎರಡು ತೂತು ಕೊರೆದರು.
(ತಲೆ ಮಾತ್ರ ತಾನೇ ಬೋಳಿಸಿಕೊಂಡು ಹೋಗಿದ್ದ,
ಬೇರೆಯವರ ಕತ್ತಿ ನಂಬದೆ. ಏಳು ಕಡೆ ಗಾಯ.)
ತೆಳ್ಳಗಿನ ತಂತಿ ಒಳಗಿಳಿಸಿ
ಕೊರಳ ಮೂಳೆಯ ಕೆಳಗೆ, ಚರ್ಮದಡಿ,
ಬೆಂಕಿಪೊಟ್ಟಣದಷ್ಟು ಬ್ಯಾಟರಿ ಇಟ್ಟು ಹೊಲಿದರು.
ಅಂಗಿಯ ಜೇಬಿಗೊಂದು ರಿಮೋಟು.

ಒತ್ತಿದರೆ ಕೈ ನಿಂತಿತು,
ಗಾಳಿ ಬಿದ್ದ ಮೇಲೆ ನೀರು ನಿಲ್ಲುವ ಹಾಗೆ.
ಮಗಳು ಹಸಿಂತಾ ಆಸ್ಪತ್ರೆಯ ನೆಲದ ಮೇಲೇ ಕೂತು ಅತ್ತಳು.

ಮಾತೂ ನಿಂತಿತು.
ಅದನ್ನು ನಾವು ತಡವಾಗಿ ಗಮನಿಸಿದೆವು.

ಅಬೆಲಾರ್ದೊನ ಮಾತು ಅಂದರೇನು, ನಿಮಗೆ ಗೊತ್ತಿಲ್ಲ.
ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಬರುವುದರೊಳಗೆ
ಮುಳುಗಿದ ಹಡಗು, ಅದರ ಅಡುಗೆಯವ,
ಅಡುಗೆಯವನ ಎರಡನೇ ಹೆಂಡತಿ, ಅವಳು ಸಾಕಿದ ಗಿಳಿ.
ಗಿಳಿ ಏನಂದಿತು ಅನ್ನುವುದು ಮುಂದಿನ ವಾರಕ್ಕೆ.
ಅದನ್ನು ಕೇಳಲೆಂದು ಮೀಸೆ ಇಲ್ಲದವನೂ
ಮೀಸೆ ತೆಗೆಸಲು ಬಂದು ಕೂರುತ್ತಿದ್ದ.

ಈಗ ಗೆರೆ ಎಳೆದಂಥ ಕೆಲಸ.
'ತಲೆ ಎತ್ತು.' 'ತಿರುಗು.' 'ಆರು ಸಾವಿರ ಪೆಸೊ.'
ಅಂಗೈ ಹುಣ್ಣಿಗೆ ಕನ್ನಡಿ ಬೇಡ; ಅವನಲ್ಲಿ ಮೂರು ಕನ್ನಡಿ,
ಮೂರರಲ್ಲೂ ನಾವು ನೋಡಿದ್ದು ವಾಸಿಯಾದ ಕೈಯನ್ನೇ.

ನಡುವಿನ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ ಪೇಪರಿನ ಚೂರು:
ಮಿದುಳಿನೊಳಗೆ ನಡೆಯುವುದನ್ನೂ ಕಾಪಾಡಬೇಕೆಂದು
ನಮ್ಮ ದೇಶ ಸಂವಿಧಾನದಲ್ಲೇ ಬರೆದುಕೊಂಡಿದೆಯಂತೆ.
ಅದರ ಅಂಚಿನಲ್ಲಿ ಯಾರೋ ಲಾಟರಿ ನಂಬರು ಗೀಚಿದ್ದಾರೆ.

ಆಮೇಲೆ ಆಸ್ಪತ್ರೆಯಿಂದ ಫೋನು. ಜೇನಿನಂಥ ದನಿ:
'ಪ್ರತಿ ಭಾನುವಾರ ಸಂಜೆ ಏಳರಿಂದ ಹತ್ತರವರೆಗೆ
ನೀವು ಆಫ್ ಆಗಿರುತ್ತೀರಿ ಎಂದು ದಾಖಲೆ ಹೇಳುತ್ತಿದೆ.
ಏನಾದರೂ ತೊಂದರೆಯೇ?'
'ಆಫ್ ಆಗುವುದು ಯಂತ್ರ, ನಾನಲ್ಲ,' ಅಂದನಂತೆ.
ಆ ವಾರ ಅವನಾಡಿದ ಅತಿ ಉದ್ದದ ಮಾತು ಅದು.

ಸುದ್ದಿ ಮಗಳಿಗೆ ಮುಟ್ಟಿ, ರಿಮೋಟು ಅವಳ ಕೈಚೀಲ ಸೇರಿತು.
ಅವಳನ್ನು ಬಯ್ಯಲಾರೆ.
ಎರಡು ವರ್ಷ ಅಪ್ಪನ ಬಾಯಿಗೆ ಸೂಪು ಹಾಕಿದವಳು,
ಚಮಚದಿಂದ ಗೋಡೆಗೆ ಹಾರಿದ್ದನ್ನು
ಅವನು ನೋಡುವ ಮೊದಲೇ ಒರೆಸಿದವಳು.

ನಾನು ಗುಡ್ಡ ಹತ್ತುವ ಹಳಿಗಾಡಿಯಲ್ಲಿ ಬ್ರೇಕಿನವನು.
ದಿನವಿಡೀ ಏರುವ ಇಳಿಯುವ ಜನ, ತಗಡಿನ ಮನೆಗಳು, ಕೆಳಗೆ ಸಮುದ್ರ.
ನಿಲ್ಲಿಸುವ ಹಿಡಿ ಯಾರ ಕೈಯಲ್ಲಿರಬೇಕು ಅಂತ ಕೇಳಿದ್ದರೆ
ನನ್ನ ಕೈಯಲ್ಲಿ ಅನ್ನುತ್ತಿದ್ದೆ.
ಎಲ್ಲರೂ ಹಾಗೇ ಅನ್ನುತ್ತಾರೆ. ಅದೇ ಕಷ್ಟ.

ಮೂರು ಭಾನುವಾರ ಸುಮ್ಮನೆ ಕಳೆದವು.
ನಾಲ್ಕನೆಯದಕ್ಕೆ ಹಸಿಂತಾ ಬಂದು
ಬಾಚಣಿಗೆಗಳ ಪಕ್ಕ ರಿಮೋಟು ಇಟ್ಟಳು.
ಅಪ್ಪನ ಮುಖ ನೋಡದೆ ಕೇಳಿದಳು:
'ಆ ಗಿಳಿ... ಆಮೇಲೆ ಏನಂತು?'

ಒತ್ತಿದ. ಸ್ವಲ್ಪ ಹೊತ್ತು ಏನೂ ಇಲ್ಲ.
ಮೊದಲು ಹೆಬ್ಬೆರಳು ಎದ್ದಿತು, ನಿದ್ದೆಯ ನಾಯಿ ಕಿವಿ ಅಲ್ಲಾಡಿಸಿದ ಹಾಗೆ,
ಆಮೇಲೆ ಮಣಿಕಟ್ಟು, ಆಮೇಲೆ ಇಡೀ ತೋಳು,
ಅದರ ಹಿಂದೆಯೇ ಹಡಗು, ಅಡುಗೆಯವ, ಎರಡನೇ ಹೆಂಡತಿ,
ಈ ಸಲ ಅವಳಿಗೊಬ್ಬ ತಮ್ಮನೂ ಹುಟ್ಟಿದ್ದ.

ನನ್ನನ್ನು ಕುರ್ಚಿಗೆ ಕೂರಿಸಿ ಬ್ರಶ್ಶು ಹಿಡಿದ.
ನಡುಗುವ ಕೈ ಬಟ್ಟಲಿನಲ್ಲಿ ಎಬ್ಬಿಸಿದ ನೊರೆ ನೀವು ನೋಡಬೇಕಿತ್ತು.
ಗಟ್ಟಿ ಕೈಗೆ ಅಂಥ ನೊರೆ ಬರುವುದಿಲ್ಲ.
ನನ್ನ ಗದ್ದ, ಕಿವಿ, ಕನ್ನಡಕ ಎಲ್ಲ ಬೆಳ್ಳಗೆ.

ಕತ್ತಿ ಡ್ರಾಯರಿನಲ್ಲಿ ಮಡಚಿ ಮಲಗಿತ್ತು, ಸೋಮವಾರದ ತನಕ.
ನೊರೆ ಒಣಗಿ ಕೆನ್ನೆ ಬಿಗಿಯುತ್ತಿತ್ತು.
ಗಿಳಿ ಇನ್ನೂ ಬಾಯಿ ತೆರೆದಿರಲಿಲ್ಲ.