ಮರಳು

ನಸುಕಿನ ನಾಲ್ಕಕ್ಕೆ ಭಟ್ಟಿ ಬಾಯಿ ತೆರೆಯುತ್ತದೆ.
ಅಬ್ಬಾ ಭತ್ತದ ಹೊಟ್ಟು ತಳ್ಳುತ್ತಾರೆ,
ಹೊಟ್ಟು ತೀರಿದ ದಿನ ಹಳೇ ಟೈರಿನ ತುಂಡು.
ಬಾಣಲೆಯ ಮರಳು ಕಾದು ಕಾದು
ನೀರಿನ ಹಾಗೆ ಅಲುಗುತ್ತದೆ.
ಒಂದು ಮೊರ ಅಕ್ಕಿ ಬಿದ್ದರೆ ಸಾಕು,
ನಾಲ್ಕು ಉಸಿರಿನೊಳಗೆ ಚಟಪಟ,
ಬಾಣಲೆ ತುಂಬ ಬೆಳ್ಳಗೆ ಅರಳು.

ಹೊಗೆಗೆ ಮಾತ್ರ ಎಲ್ಲಿಗೂ ಹೋಗುವ ಆತುರವಿಲ್ಲ.
ಓಣಿಯ ತಂತಿಗಳ ಮೇಲೆ, ಒಣಹಾಕಿದ ದುಪಟ್ಟಾಗಳ ಮೇಲೆ ಕೂತು
ನನ್ನ ಜೊತೆಗೇ ಶಾಲೆಗೆ ಬರುತ್ತಿತ್ತು.
ಹಾಜರಿ ಪುಸ್ತಕದಾಚೆ ನನ್ನ ಹೆಸರು
ಭಟ್ಟಿ ಮೆಹರೂನ್.

ಈಗ ಒಂಬತ್ತಕ್ಕೆ ತೋಳಹುಣಸೆಯ ಬಸ್ಸು.
ಲ್ಯಾಬಿನಲ್ಲಿ ನನ್ನದೂ ಒಂದು ಭಟ್ಟಿ, ಅಕ್ಕಿ ಡಬ್ಬಿಯಷ್ಟು.
ಸತುವಿನ ನೈಟ್ರೇಟು, ಚಿಟಿಕೆ ತಾಮ್ರ, ಉರಿಗೆ ಸಕ್ಕರೆ,
ಕದಡಿ ಒಳಗಿಟ್ಟು ಬಾಗಿಲು ಹಾಕಿದರೆ
ಕುದಿ, ನೊರೆ, ಆಮೇಲೆ ಒಂದೇ ಭುಗಿಲು.
ತೆರೆದಾಗ ಮೂಸೆಯ ಅಂಚು ಮೀರಿ ಉಬ್ಬಿದ ಬೂದು ಪುಡಿ,
ಊದಿದರೆ ಹಾರುವಷ್ಟು ಹಗುರ.
"ಕೈ ಹದವಾಗಿದೆ, ಎಲ್ಲಿ ಕಲಿತೆ?" ಅಂದರು ಗೈಡು.
ನಾನು ಗ್ಲೌಸು ಬಿಚ್ಚುತ್ತಾ ಸುಮ್ಮನಿದ್ದೆ.

ಇಂಗಾಲದ ಎರಡು ತೋಳಿಗೂ ಜೋತುಬಿದ್ದ ಆಮ್ಲಜನಕದಲ್ಲಿ
ಒಂದನ್ನು ಬಿಡಿಸಿ, ನೀರಿನಿಂದ ಜಲಜನಕ ಕಡ ತಂದು
ಹೊಗೆಯನ್ನು ಮತ್ತೆ ಉರುವಲು ಮಾಡಬಲ್ಲದಂತೆ ಈ ಪುಡಿ,
ಬೆಳಕು ಬಿದ್ದರೆ.
ಆರು ಗಂಟೆ ದೀಪ ಉರಿಸಿದೆ.
ಐದನೆಯದಕ್ಕೆ ಕರೆಂಟು ಹೋಗಿ, ಮತ್ತೆ ಮೊದಲಿಂದ ಆರು.
ಕಾಗದದ ಮೇಲೆ ಗೆರೆಯೊಂದು ಎದ್ದಿತು,
ಇರುವೆ ಬೆನ್ನು ಬಗ್ಗಿಸಿದಷ್ಟು.
ಆ ರಾತ್ರಿ ಲೆಕ್ಕ ಹಾಕಿದೆ, ಹಾಕಬಾರದಿತ್ತು.
ಅಬ್ಬಾನ ಒಂದು ಬೆಳಗಿನ ಹೊಗೆ ಮರಳಿ ಬರಲು
ಈ ದೀಪ ನನ್ನ ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ಆರಬಾರದು.
ದೀಪಕ್ಕಾಗಿ ಎಲ್ಲೋ ಉರಿಯುವ ಕಲ್ಲಿದ್ದಲನ್ನು
ಲೆಕ್ಕಕ್ಕೆ ಹಿಡಿದಿಲ್ಲ.

ಅಬ್ಬಾನ ಹಿಮ್ಮಡಿಯಲ್ಲೊಂದು ಗಾಯ,
ಸಕ್ಕರೆ ಕಾಯಿಲೆ, ಸಿಡಿದ ಮರಳು, ಎರಡೂ ಸೇರಿ
ಹನ್ನೊಂದು ತಿಂಗಳಿಂದ ಬಾಯಿ ಮುಚ್ಚಿಲ್ಲ.
ಹತ್ತಿಯಲ್ಲಿ ಒರೆಸಿ ಮೈಕ್ರೋಬಯಾಲಜಿಯ ಕಾಟಲಿಂಗನಿಗೆ ಕೊಟ್ಟೆ.
ಬಟ್ಟಲಿನಲ್ಲಿ ಅವು ಕೆನೆಗಟ್ಟಿ ಬೆಳೆದವು, ಹೊಂಬಣ್ಣ;
ಎಲ್ಲಿಂದ ಬಂದವೆಂದು ಗೊತ್ತಿರದಿದ್ದರೆ
ಚೆಂದ ಅನ್ನುತ್ತಿದ್ದೆ.
ನಡುವೆ ಗುಳಿ ತೋಡಿ ನನ್ನ ಪುಡಿ ಹಾಕಿಟ್ಟ.
ಮರುದಿನ ಗುಳಿಯ ಸುತ್ತ ಬಯಲು.
ಹದಿನಾಲ್ಕು ಮಿಲಿಮೀಟರ್, ಯಾರೂ ಇಲ್ಲ.
ಸ್ಕೇಲು ಜಾರಿತು, ಮತ್ತೆ ಅಳೆದೆ.
"ಇನ್ನೂ ಇಲಿ ಇದೆ, ಕಮಿಟಿ ಇದೆ, ವರ್ಷಗಳಿವೆ," ಅಂದ ಅವನು
ನನ್ನ ಮುಖ ನೋಡದೆ. "ಮನೆಗೆ ಒಯ್ಯಬೇಡ."
ಗೊತ್ತು.
ಆದರೂ ಒಂದು ವಾರ ಚೀಲದ ಒಳಜೇಬಿನಲ್ಲಿ
ಪುಟ್ಟ ಸೀಸೆ ನನ್ನೊಡನೆ ಬಸ್ಸಿನಲ್ಲಿ ಹೋಗಿಬಂತು.
ಮುಚ್ಚಳ ತೆಗೆಯಲಿಲ್ಲ.

ಬೇರೆ ಊರಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರ ಬಂದ ಸಂಜೆ
ಫೋನನ್ನು ಅಬ್ಬಾನ ಮುಂದೆ ಹಿಡಿದೆ.
ನಲವತ್ತು ಸಾವಿರ ಪಟ್ಟು ಹಿಗ್ಗಿದ ಪುಡಿ, ಮೈಯೆಲ್ಲ ತೂತು.
ಉರಿ ನೋಡಿ ನೋಡಿ ಕೆಂಪಾದ ಕಣ್ಣು ಕಿರಿದು ಮಾಡಿ
"ಯಾರ ಭಟ್ಟೀದು ಬೇಟಾ ಈ ಮಂಡಕ್ಕಿ?
ಮರಳು ಜಾಸ್ತಿ ಕಾದೈತಿ. ನೋಡಿಲ್ಲಿ, ಬಾಯಿ ಒಡದೈತಿ.
ಒಂದೀಟು ಉರಿ ತಗ್ಗಿಸಬೇಕಿತ್ತು."

ನಾಳೆ ಐವತ್ತು ಡಿಗ್ರಿ ಇಳಿಸಿ ನೋಡುತ್ತೇನೆ.
ನೋಟ್‌ಬುಕ್ಕಿನಲ್ಲಿ ಬರೆದಾಯಿತು.
ಪಕ್ಕದಲ್ಲಿ 'ಆಧಾರ' ಎಂಬ ಖಾನೆ
ಇನ್ನೂ ಖಾಲಿ ಇದೆ.
ಒಳಗೆ ಅಮ್ಮಿ ಹಿಮ್ಮಡಿಗೆ ಹೊಸ ಬಟ್ಟೆ ಸುತ್ತುತ್ತಿದ್ದಾಳೆ,
ಹೊರಗೆ ಬಾಣಲೆಯ ಮರಳು
ಮುಟ್ಟಿದರೆ ಇನ್ನೂ ಬಿಸಿ.