ಸರ್ಕಾರಿ ಹುಟ್ಟುಹಬ್ಬ

ಅಮ್ಮನ ಹೊಟ್ಟೆಯಲ್ಲಿ ನಾನು ಮಗ್ಗುಲು ಬದಲಿಸಿದ್ದು
ವಿಂಟನ್ ದಾಟಿ ಲಾರಿ ಬಲಕ್ಕೆ ಹೊರಳಿದಾಗಲಂತೆ.
ಜೂನ್ ಒಂದು. ಹುಲ್ಲಿನ ಮೇಲೆಲ್ಲ ಬಿಳಿ ಹೆಪ್ಪು.
ಲಾರಿಯಲ್ಲಿ ಮಂಚ, ಬೀರು, ತಲೆಕೆಳಗಾದ ಕುರ್ಚಿ,
ಅದರ ಹಿಂದೆ ಇನ್ನೂರ ಎಂಬತ್ತು ಹಸು, ಕಾಲ್ನಡಿಗೆಯಲ್ಲಿ,
ಹಸುಗಳ ಹಿಂದೆ ಅಪ್ಪ, ಟಗ್ ಎನ್ನುವ ನಾಯಿ.
"ಗೋರ್ ಮುಟ್ಟುವ ತನಕ ತಡಕೋ" ಅಂದಳಂತೆ ಅಮ್ಮ.
ನನಗೆ ಅಂದಳೋ ಡ್ರೈವರನಿಗೋ
ಕೇಳಿದರೆ ಈಗಲೂ ನಗುತ್ತಾಳೆ.

ನಾವು ಕೋರಿನವರು.
ಹಸು ನಮ್ಮವು, ಹುಲ್ಲು ಇನ್ನೊಬ್ಬರದು,
ಹಾಲಿನಲ್ಲಿ ಅರ್ಧ.
ಕರಾರು ಮೇ ಕೊನೆಗೆ ತೀರುತ್ತದೆ.
ನ್ಯೂಜಿಲೆಂಡಿನ ಈ ತೆಂಕಣ ತುದಿಯಲ್ಲಿ ಅಂದು
ಅರ್ಧ ಊರು ಇನ್ನರ್ಧ ಊರಿನ ಮನೆಗೆ ಹೋಗಿ
ಅವರು ಬಿಟ್ಟ ಮೊಳೆಗೆ ತಮ್ಮ ಕೋಟು ತೂಗುಹಾಕುತ್ತದೆ.

ಅದರ ಬೆನ್ನಿಗೇ, ಮೊದಲ ಸೋಮವಾರ, ರಾಣಿಯ ಹುಟ್ಟುಹಬ್ಬ.
ಶಾಲೆಗೆ ರಜೆ, ಬ್ಯಾಂಕಿಗೆ ರಜೆ.
ಹಸುಗಳಿಗೆ ಯಾರೂ ತಿಳಿಸಿರಲಿಲ್ಲ.
ರೇಡಿಯೋದಲ್ಲಿ ಬಿರುದು ಪಡೆದವರ ಪಟ್ಟಿ:
ಬ್ಯಾಂಡು ನಡೆಸಿದವರು ಒಬ್ಬರು, ಹಕ್ಕಿ ಎಣಿಸಿದವರು ಒಬ್ಬರು.
ಒಲೆಯ ಕೊಳವೆ ಜೋಡಿಸುತ್ತ ಮಸಿ ಮುಖದ ಅಪ್ಪ,
"ನೊಯೆಲೀನ್, ನನ್ನ ಹೆಸರು ಬಂತೇನೇ?"
"ಕೆಸರಿನ ವಿಭಾಗ ಇನ್ನೂ ಓದಿಲ್ಲ, ಇರು."

ನನಗೆ ಒಂಬತ್ತು ತುಂಬಿದ ವರ್ಷ
ಕೇಕಿನ ತಟ್ಟೆ ಯಾವ ಡಬ್ಬದಲ್ಲಿದೆಯೋ ತಿಳಿಯದೆ
ಅಪ್ಪ ಮಟೌರಾದ ಬೇಕರಿಯಿಂದ ಒಂದು ಮಾಂಸದ ಪೈ ತಂದ.
ಅದರ ನಡುವೆ ಬೆಂಕಿಕಡ್ಡಿ ನೆಟ್ಟು ಹಚ್ಚಿದ.
ಊದುವ ಮೊದಲೇ ಆರಿತು, ಬಾಗಿಲಿಗೆ ಚಿಲಕವಿರಲಿಲ್ಲ.
ರಸೀದಿಯಲ್ಲಿ ಹದಿನೈದು ಪರ್ಸೆಂಟ್ ಹೆಚ್ಚಿಗೆ, ರಜಾದಿನದ ದರ.
ನಾನು ಅತ್ತೆ:
ಅವಳು ಹುಟ್ಟಿದ್ದಕ್ಕೆ ನನ್ನ ಪೈಗೆ ಯಾಕೆ ಜಾಸ್ತಿ?

ಅಮ್ಮ ಟೀ ಪೆಟ್ಟಿಗೆಯ ಮೇಲೆ ಕೂತು ಹೇಳಿದಳು:
ಅವಳೂ ಇವತ್ತು ಹುಟ್ಟಿದವಳಲ್ಲವೇ, ಏಪ್ರಿಲ್‌ನವಳು.
ಅವರ ಊರಲ್ಲಿ ಜೂನ್ ಅಂದರೆ ಬಿಸಿಲಂತೆ.
ಕುದುರೆ, ಕಹಳೆ, ಕರಡಿ ಕೂದಲಿನ ಟೋಪಿ
ಮಳೆಗೆ ತೊಯ್ಯಬಾರದೆಂದು
ದಿನವನ್ನೇ ಎತ್ತಿ ಬಿಸಿಲಿಗೆ ಇಟ್ಟರಂತೆ.
ಆ ಬಿಸಿಲು ಹಡಗು ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ
ನೋಡು, ಬಕೆಟ್ಟಿನ ನೀರು ಗಾಜಾಗಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು,
"ನಿನಗೂ ಒಂದು ಸರ್ಕಾರಿ ಹುಟ್ಟುಹಬ್ಬ ಇಡೋಣ.
ನವೆಂಬರ್ ಮೊದಲ ಸೋಮವಾರ.
ಕರು ಹಾಕುವುದು ಮುಗಿದಿರುತ್ತೆ, ಹುಲ್ಲು ಮೊಣಕಾಲಿಗೆ ಬಂದಿರುತ್ತೆ.
ತಟ್ಟೆ ಸಿಕ್ಕಿರುತ್ತೆ."
ಅಣ್ಣ ಫರ್ಗಸ್ ಬಕೆಟ್ ತಲೆಗಿಟ್ಟು ಕಾವಲು ನಿಂತ,
ಅಪ್ಪ ಫರ್ಮಾನು ಓದಿದ, ಟಗ್ ಬೊಗಳಿತು.
ಜಾರಿಗೆ ಬಂತು.

ಏಳು ಮನೆ, ಐದು ಶಾಲೆ.
ಪ್ರತಿ ಮನೆಯ ಬಾಗಿಲ ಚೌಕಟ್ಟಿನಲ್ಲೂ
ಯಾರೋ ಮಕ್ಕಳ ಎತ್ತರದ ಪೆನ್ಸಿಲ್ ಗೀಟು.
ನಾನು ಅವುಗಳ ಪಕ್ಕ ನಿಂತು ನೋಡುತ್ತಿದ್ದೆ.
ಒಂದು ಮನೆಯಲ್ಲಿ ಮಾತ್ರ, ಒಬ್ಬ ಡೆಸ್ಮಂಡ್‌ಗಿಂತ
ಎರಡು ಬೆರಳು ಉದ್ದವಿದ್ದೆ.

ರಾಣಿ ಹೋದಳು. ಈಗ ರಾಜ.
ಕ್ಯಾಲೆಂಡರಿನಲ್ಲಿ ಒಂದು ಪದ ಬದಲಾಯಿತು, ಸೋಮವಾರ ಕದಲಲಿಲ್ಲ.
ಅವನು ಹುಟ್ಟಿದ್ದು ನಿಜವಾಗಿ ನವೆಂಬರ್‌ನಲ್ಲಂತೆ.
ಅಮ್ಮನಿಗೆ ಫೋನ್ ಮಾಡಿ ಹೇಳಿದೆ:
ನನ್ನ ಜೂನ್ ಅವನ ಹತ್ತಿರ, ಅವನ ನವೆಂಬರ್ ನನ್ನ ಹತ್ತಿರ.
"ವಾಪಸ್ ಕೇಳಿದರೆ ಕೊಡಬೇಡ" ಅಂದಳು.

ಎಡೆಂಡೇಲ್‌ನ ಹಾಲಿನಪುಡಿ ಕಾರ್ಖಾನೆಯಲ್ಲಿ ಕೆಲಸ ನನಗೆ.
ತಿರುವಿನಲ್ಲೊಂದು ಪುಟ್ಟ ಮನೆ ಕೊಂಡಿದ್ದೇನೆ, ಸಾಲ ಬ್ಯಾಂಕಿನದು, ಮೊಳೆ ನನ್ನದು.
ಈ ಸಲ ಜೂನ್ ಒಂದೇ ಸೋಮವಾರ.
ಎಲ್ಲಿಗೂ ಹೋಗಬೇಕಿಲ್ಲ.
ಮೂವತ್ತು ವರ್ಷಕ್ಕೆ ಮೊದಲ ಬಾರಿ ಆ ದಿನ
ಖಾಲಿಯಾಗಿ ಅಡುಗೆಮನೆಗೆ ಬಂದು ನಿಂತಿತು.
ಏನು ಮಾಡಬೇಕೆಂದು ನನಗೂ ಗೊತ್ತಿಲ್ಲ, ಅದಕ್ಕೂ.

ಹತ್ತು ಗಂಟೆಗೆ ಗೊರಸಿನ ಸದ್ದು.
ಕಿತ್ತಳೆ ಅಂಗಿ ತೊಟ್ಟು ತಿರುವಿಗೆ ಹೋಗಿ
ಕಾರುಗಳಿಗೆ ಕೈ ಅಡ್ಡ ಹಿಡಿದೆ.
ಯಾರ ಮಂದೆಯೋ. ಉಸಿರಿನ ಹೊಗೆ ರಸ್ತೆಯಗಲ.
ಹಿಂದಿನ ಗಾಡಿಯ ಕಿಟಕಿಯಲ್ಲಿ
ಮಡಿಲಲ್ಲಿ ಗಡಿಯಾರ ಹಿಡಿದ ಒಬ್ಬ ಹುಡುಗ.
ಒಂದು ಹಸು ಸಾಲು ಬಿಟ್ಟು ಬಂದು
ನನ್ನ ಹೊಸ ಬೇಲಿಯ ಗಿಡಕ್ಕೆ ಬಾಯಿ ಹಾಕಿತು.
ಅವರು ಗದರಲು ಓಡಿ ಬಂದರು.

ಇರಲಿ ಬಿಡಿ, ಅಂದೆ. ತಿನ್ನಲಿ.