ಸೆಣಬಿನ ಹಲಗೆ ಸುಮ್ಮನಾಗುವ ಬಗೆ

ಒಂದು ತುದಿಯನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು
ಇನ್ನೊಂದನ್ನು ಗಾಳಿಗೆ ಬಿಟ್ಟಿದ್ದೇನೆ.
ಮೇಣದಲ್ಲಿ ಅಂಟಿಸಿದ ಸಂವೇದಕ, ಹೆಸರುಕಾಳಿನಷ್ಟು.
ಪುಟ್ಟ ಸುತ್ತಿಗೆಯಿಂದ ಒಂದೇ ಏಟು.

ಗಾಜುನಾರಿನ ಹಲಗೆ ಹೇಳಿದ್ದನ್ನೇ ಹೇಳುತ್ತದೆ,
ಪರದೆಯ ಮೇಲೆ ಅಲೆಯ ಬೆನ್ನಿಗೆ ಅಲೆ;
ಎಂಬತ್ತು ದಾಟಿದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ.
ಸೆಣಬಿನದು ಏಳೆಂಟು ಬಾರಿ ತಲೆಯಾಡಿಸಿ
ಸುಮ್ಮನಾಗುತ್ತದೆ.

ಎಳೆದು ನೋಡುವ ಯಂತ್ರದಲ್ಲಿ ಮಾತ್ರ ಸೋಲು ಅದರದೇ.
ಗಾಜು ಹೊತ್ತ ಭಾರದ ಅರ್ಧಕ್ಕೂ ಮುನ್ನ
ಚಟಚಟ ಎಂದು ಬಾಯಿ ಬಿಡುತ್ತದೆ;
ಮುರಿದ ಅಂಚಿನಲ್ಲಿ ರಾಳದಿಂದ ಜಾರಿ ಬಂದ ಎಳೆಗಳು,
ಬೆಕ್ಕಿನ ಮೀಸೆಯ ಹಾಗೆ.
ಕ್ಷಾರದಲ್ಲಿ ನಾಲ್ಕು ಗಂಟೆ ನೆನೆಸಿದರೆ ಹಿಡಿತ ಹೆಚ್ಚು,
ರಾತ್ರಿಯಿಡೀ ಬಿಟ್ಟು ಮರೆತರೆ
ನಾರೇ ನವೆದುಹೋಗುತ್ತದೆ. ಮರೆತಿದ್ದೇನೆ, ಎರಡು ಸಲ.
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ.
ಇಲ್ಲಿ ಹೂವು ಯಾವುದು, ರಾಳವೇ?
ಭಾರವನ್ನೆಲ್ಲ ಹೊರುವುದು ನಾರು.

ಇದು ಡಂಡೀ. ಕಿಟಕಿಯಾಚೆ ಟೇ ನದಿಯ ಬೂದು ನೀರು.
ಲೋಕದ ಅಕ್ಕಿ ಗೋಧಿ ಸಕ್ಕರೆಗೆಲ್ಲ
ಒಮ್ಮೆ ಈ ಊರೇ ಗೋಣಿ ನೇಯುತ್ತಿತ್ತು.
ನೇಯ್ದವಳೊಬ್ಬಳು ಇವತ್ತು ಬಂದಿದ್ದಾಳೆ:
ನೆಟ್ಟಾ ಗೌರ್ಲೇ, ಎಂಬತ್ತೆಂಟು.
ಹದಿನೈದಕ್ಕೆ ಗಿರಣಿ ಸೇರಿದವಳಿಗೆ
ಮೂವತ್ತಕ್ಕೆ ಕಿವಿ ಹೋಯಿತು.
ಮಗ್ಗಗಳ ಅಬ್ಬರದಲ್ಲಿ ಮಾತು ಬೆರಳಿಗಿಳಿದಿತ್ತು:
ಮೇಸ್ತ್ರಿ ಬಂದ ಎನ್ನಲು ಒಂದು ಸನ್ನೆ,
ಕುಡಿದು ಬಂದ ಎನ್ನಲು ಇನ್ನೊಂದು.
ಎರಡನೆಯದೇ ಹೆಚ್ಚು ಬಳಕೆಯಲ್ಲಿತ್ತು ಎಂದು ನಗುತ್ತಾಳೆ.

ಪರದೆ ಬೇಡ ಎಂದಳು, ಹಲಗೆಯ ಮೇಲೆ ಬೆರಳಿಟ್ಟಳು.
ಮುಟ್ಟಿದರೆ ಅಳತೆ ಕೆಡುತ್ತದೆ. ಇರಲಿ.
ಗಾಜಿಗೆ ಬಡಿದೆ. "ಮೊಣಕೈವರೆಗೆ ಬಂತು."
ಸೆಣಬಿಗೆ ಬಡಿದೆ. ಕಾದಳು.
ಇನ್ನೂ ಬಡಿದಿಲ್ಲವೆಂದುಕೊಂಡು ನನ್ನ ಮುಖ ನೋಡಿದಳು.
ಮತ್ತೆ ಬಡಿದೆ.
ತುಂಬ ಹೊತ್ತಿನ ಮೇಲೆ:
"ಇಷ್ಟು ಗೊತ್ತಿತ್ತೇ ಇದಕ್ಕೆ?
ನೇಯುವ ಬದಲು ಕಿವಿಗೆ ತುರುಕಿಕೊಳ್ಳಬೇಕಿತ್ತು ನಾವು."

ಉತ್ತರಕ್ಕೆ ನನ್ನ ಬಳಿ ಸನ್ನೆಯಿರಲಿಲ್ಲ.

ಹೊರಡುವಾಗ ಮುರಿದ ಮಾದರಿಗಳಲ್ಲಿ ನಾಲ್ಕು ಚೂರು
ಕೇಳಿ ಕೈಚೀಲಕ್ಕೆ ಹಾಕಿಕೊಂಡಳು,
ಬಟ್ಟೆ ಒಗೆಯುವ ಯಂತ್ರದ ಕಾಲಡಿಗೆ.
ಸದ್ದಿನ ಗೊಡವೆ ಅವಳಿಗಿಲ್ಲ;
ನೆಲ ನಡುಗುವುದು ಅಂಗಾಲಿಗೆ ತಿಳಿಯುತ್ತದಂತೆ,
ತಿಳಿದ ಕೂಡಲೇ ಬೆರಳುಗಳು
ಯಾರೂ ಇಲ್ಲದ ಅಡುಗೆಮನೆಯಲ್ಲಿ
ಮೇಸ್ತ್ರಿ ಬಂದ, ಮೇಸ್ತ್ರಿ ಬಂದ ಎನ್ನುತ್ತವಂತೆ.

ದಾಖಲೆ ಪುಸ್ತಕದಲ್ಲಿ ಬರೆದೆ:
ಮಾದರಿ ಹನ್ನೊಂದು, ಸೆಣಬು.
ನಾಲ್ಕು ಚೂರು ಕಡಿಮೆ.